ಪಾಯವಿಲ್ಲದ ಕೊಟ್ಟಿಗೆ: ಅಮೆರಿಕದ ಪೋಲ್ ಬಾರ್ನ್ ನಿಲ್ಲುವುದು ಹೇಗೆ, ಕೊಳೆಯುವುದು ಎಲ್ಲಿಂದ

ಒಹಾಯೋದಿಂದ ಪಶ್ಚಿಮಕ್ಕೆ, ಇಂಡಿಯಾನಾ ದಾಟಿ ಅಯೋವಾ ಕಡೆಗೆ ಕಾರಿನಲ್ಲಿ ಹೊರಟರೆ ಮೆಕ್ಕೆಜೋಳ, ಸೋಯಾ ಹೊಲಗಳ ನಡುವೆ ಒಂದೇ ಬಗೆಯ ಕಟ್ಟಡ ಮತ್ತೆ ಮತ್ತೆ ಎದುರಾಗುತ್ತದೆ. ತಗಡಿನ ಗೋಡೆ, ತಗಡಿನ ಮಾಡು, ಒಂದು ತುದಿಯಲ್ಲಿ ಟ್ರ್ಯಾಕ್ಟರ್ ಸಲೀಸಾಗಿ ನುಗ್ಗುವಷ್ಟು ಅಗಲದ ಜಾರುಬಾಗಿಲು. ಒಳಗೆ ದನ ಇರಬಹುದು, ಹುಲ್ಲಿನ ಪಿಂಡಿ ಇರಬಹುದು, ಯಾರದೋ ಹಳೇ ಲಾರಿ ಇರಬಹುದು. ಇಲ್ಲಿನವರು ಇದನ್ನು ಪೋಲ್ ಬಾರ್ನ್ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಕಂಬದ ಕೊಟ್ಟಿಗೆ. ನಾವು ಒಹಾಯೋದ ಹಳ್ಳಿಗಾಡಿನಲ್ಲಿ ಜಾಗ ಕೊಂಡಾಗ ಮನೆಯ ಜೊತೆಗೆ ಇಂಥದ್ದೊಂದು ಬಂತು: 40 ಅಡಿ ಅಗಲ, 60 ಅಡಿ ಉದ್ದ. ಆಮೇಲಿನ ವರ್ಷಗಳಲ್ಲಿ ಮನೆಗಿಂತ ಹೆಚ್ಚು ಪಾಠ ಕಲಿಸಿದ್ದು ಈ ಕೊಟ್ಟಿಗೆಯೇ. ಊರಾಚೆ ಜಮೀನು ಕೊಳ್ಳಲು ಹೊರಟ ಕನ್ನಡದ ಗೆಳೆಯರು ಇದರ ಬಗ್ಗೆ ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲು ತಿಳಿಯಬೇಕಾದ್ದು, ಇದಕ್ಕೆ ಪಾಯವೇ ಇಲ್ಲ. ಮನೆಯಾದರೆ ಸುತ್ತ ತೋಡಿ, ಕಾಂಕ್ರೀಟ್ ಹಾಕಿ, ಅದರ ಮೇಲೆ ಗೋಡೆ ಎಬ್ಬಿಸುತ್ತಾರೆ. ಮಾಡಿನ ಭಾರವೆಲ್ಲ ಗೋಡೆಯ ಮೂಲಕ ಪಾಯಕ್ಕೆ ಇಳಿಯುತ್ತದೆ. ಪೋಲ್ ಬಾರ್ನಿನಲ್ಲಿ ಭಾರ ಹೊರುವುದು ಕಂಬ ಮಾತ್ರ. ಸುಮಾರು ನಾಲ್ಕು ಅಡಿ ಆಳದ ಗುಂಡಿ ತೆಗೆದು, ತಳದಲ್ಲಿ ಕಾಂಕ್ರೀಟ್ ಬಿಲ್ಲೆ ಕೂರಿಸಿ, ಅದರ ಮೇಲೆ ಮರದ ಕಂಬ ನಿಲ್ಲಿಸಿ, ಮಣ್ಣೋ ಜಲ್ಲಿಯೋ ತುಂಬಿ ಗಟ್ಟಿಯಾಗಿ ಕುಟ್ಟುತ್ತಾರೆ. ಸಾಮಾನ್ಯವಾಗಿ ಎಂಟೆಂಟು ಅಡಿಗೊಂದು ಕಂಬ. ಕಂಬಗಳ ತಲೆಯ ಮೇಲೆ ಅಗಲಕ್ಕೆ ಟ್ರಸ್ಸು (ಮರದ ಪಟ್ಟಿಗಳನ್ನು ತ್ರಿಕೋನವಾಗಿ ಜೋಡಿಸಿದ, ಮಾಡು ಹೊರುವ ಚೌಕಟ್ಟು), ಟ್ರಸ್ಸಿನ ಮೇಲೆ ಉದ್ದಕ್ಕೆ ರೀಪು, ರೀಪಿನ ಮೇಲೆ ತಗಡು. ಪಕ್ಕದಲ್ಲೂ ಕಂಬದಿಂದ ಕಂಬಕ್ಕೆ ಅಡ್ಡಪಟ್ಟಿ ಹೊಡೆದು ತಗಡು ಬಿಗಿಯುತ್ತಾರೆ. ಬುಡದಲ್ಲಿ ಮಣ್ಣಿಗೆ ತಾಗುವಂತೆ ಸುತ್ತಲೂ ಒಂದು ಅಡಿಹಲಗೆ. ಇಷ್ಟೇ. ಹಳೆಯ ಪದ್ಧತಿಯಲ್ಲೇ ಬದುಕುವ ಅಮಿಶ್ ಎಂಬ ಕ್ರೈಸ್ತ ಪಂಗಡದವರ ನುರಿತ ತಂಡವೊಂದು ಕೈಹಾಕಿದರೆ ಬಯಲಿದ್ದ ಕಡೆ ಕೆಲವೇ ದಿನಗಳಲ್ಲಿ ಕೊಟ್ಟಿಗೆ ಎದ್ದಿರುತ್ತದೆ.

ಈ ಉಪಾಯ ಅಷ್ಟೇನೂ ಹಳೆಯದಲ್ಲ. ಅದಕ್ಕೂ ಮುಂಚಿನ ಅಮೆರಿಕದ ಕೊಟ್ಟಿಗೆಗಳು ದಪ್ಪ ತೊಲೆಗಳನ್ನು ಕೊರೆದು ಒಂದಕ್ಕೊಂದು ಕೂರಿಸಿ, ಕಲ್ಲಿನ ಪಾಯದ ಮೇಲೆ ಎಬ್ಬಿಸಿದ ಭಾರೀ ಕಟ್ಟಡಗಳು. ಊರಿಗೆ ಊರೇ ಸೇರಿ ಎತ್ತಬೇಕಿತ್ತು. 1930ರ ದಶಕದಲ್ಲಿ, ಆರ್ಥಿಕ ಕುಸಿತದ ಕಾಲಕ್ಕೆ, ಮಿಸೌರಿಯ ಕೃಷಿ ಸಲಹೆಗಾರ ಹೊವರ್ಡ್ ಡೋನ್ ಮತ್ತು ಅವರ ಬಳಿ ಕೆಲಸಕ್ಕಿದ್ದ ಪರ್ಕಿನ್ಸ್ ಬೇರೆ ದಾರಿ ಹಿಡಿದರು. ಕ್ರಿಯೋಸೋಟ್ ಎಣ್ಣೆ ಕುಡಿಸಿದ ಟೆಲಿಫೋನ್ ಕಂಬ ಮಣ್ಣಿನಲ್ಲಿ ಹತ್ತಾರು ವರ್ಷ ಕೊಳೆಯದೆ ನಿಲ್ಲುತ್ತದಲ್ಲ, ಅದನ್ನೇ ಕೊಟ್ಟಿಗೆಗೆ ಯಾಕೆ ಹೂಳಬಾರದು? ಮೇಲಿನ ಹೊದಿಕೆ ತಗಡಿನದಾದರೆ ರೀಪುಗಳನ್ನು ಒತ್ತೊತ್ತಾಗಿ ಹೊಡೆಯುವ ಗೋಜೂ ಇಲ್ಲ, ಅಷ್ಟು ಮರ ಉಳಿಯಿತು. ಆಮೇಲೆ ಹೊಲಕ್ಕೆ ಕುದುರೆಯ ಜಾಗದಲ್ಲಿ ಟ್ರ್ಯಾಕ್ಟರ್ ಬಂತು, ದೊಡ್ಡ ಯಂತ್ರಗಳು ಬಂದವು. ನಡುವೆ ಕಂಬವಿಲ್ಲದ ಅಗಲ ಜಾಗ ರೈತರಿಗೆ ಬೇಕಾಯಿತು. ಅಟ್ಟದ ಮೇಲೆ ಹುಲ್ಲು ತುಂಬುವ ಹಳೆಯ ಕೊಟ್ಟಿಗೆ ಒಂದೊಂದಾಗಿ ಮುದಿಯಾಯಿತು.

ಮಲೆನಾಡಿನಲ್ಲಿ ಬೆಳೆದವರಿಗೆ ಇಲ್ಲೊಂದು ಅನುಮಾನ ಬಂದೇ ಬರುತ್ತದೆ. ನಮ್ಮ ಹಳೆಯ ಮನೆಗಳ ಮರದ ಕಂಬ ಮಣ್ಣಿಗೆ ಇಳಿಯುವುದಿಲ್ಲ. ಅದರಡಿ ಕಲ್ಲು ಇರುತ್ತದೆ. ಮರ ಮಣ್ಣು ಮುಟ್ಟಿದರೆ ಉಳಿಗಾಲವಿಲ್ಲ ಅನ್ನುವುದು ಅಲ್ಲಿನ ಆಚಾರಿಗಳು ಬಲ್ಲ ಮಾತು. ಹಾಗಾದರೆ ಇವರೇಕೆ ಹೂಳುತ್ತಾರೆ? ಉತ್ತರ ಮಾಡಿನಲ್ಲಿದೆ. ನಮ್ಮ ಹೆಂಚಿನ ಮಾಡು ಭಾರ. ಆ ಭಾರವೇ ಕಂಬವನ್ನು ಕಲ್ಲಿನ ಮೇಲೆ ಒತ್ತಿ ಹಿಡಿಯುತ್ತದೆ. ತಗಡಿನ ಮಾಡು ಹಗುರ. ಇಲ್ಲಿನ ಬಯಲಿನ ಬಿರುಗಾಳಿ ಬಂದರೆ ಕೆಳಕ್ಕೆ ಒತ್ತುವ ಬದಲು ಮೇಲಕ್ಕೆ ಏಳಲು ನೋಡುತ್ತದೆ. ಅದನ್ನು ಎಳೆದು ಹಿಡಿಯುವುದು ಮಣ್ಣಿನೊಳಗಿನ ಕಂಬ. ಅಷ್ಟೇ ಅಲ್ಲ, ಗಾಳಿ ಪಕ್ಕದಿಂದ ತಳ್ಳಿದಾಗ ವಾಲದಂತೆ ತಡೆಯುವುದರಲ್ಲೂ ಹೂತ ಬುಡದ ಪಾಲು ದೊಡ್ಡದು. ಅಂದರೆ ಒಂದೇ ಕಂಬ ಪಾಯವೂ ಹೌದು, ಗೋಡೆಯೂ ಹೌದು, ಲಂಗರೂ ಹೌದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಆರೈಕೆಯೆಲ್ಲ ತಾನಾಗಿ ಅರ್ಥವಾಗುತ್ತದೆ.

ಕಂಬ ಕೊಳೆಯುವುದು ಎಲ್ಲಿ? ತಳದಲ್ಲಿ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅಲ್ಲ. ನೆಲಮಟ್ಟದ ಆಸುಪಾಸಿನ ಒಂದು ಗೇಣಿನಲ್ಲಿ. ಮರವನ್ನು ತಿನ್ನುವ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ನಾಲ್ಕು ಅಡಿ ಆಳದಲ್ಲಿ ತೇವ ಇದ್ದರೂ ಗಾಳಿ ಸಾಲದು. ನೆಲದಿಂದ ಎರಡಡಿ ಮೇಲೆ ಗಾಳಿ ಧಾರಾಳ, ಆದರೆ ಮರ ಒಣಗಿರುತ್ತದೆ. ಮರದ ತೇವಾಂಶ 20 ಶೇಕಡಾಕ್ಕಿಂತ ಕೆಳಗಿದ್ದರೆ ಶಿಲೀಂಧ್ರದ ಆಟ ನಡೆಯುವುದಿಲ್ಲ. ಎರಡೂ ಹದವಾಗಿ ಸಿಗುವುದು ಮಣ್ಣು ಮುಗಿದು ಗಾಳಿ ಶುರುವಾಗುವ ಆ ಗಡಿಯಲ್ಲೇ. ಬೇಲಿಗೂಟ ಕಿತ್ತು ನೋಡಿದವರಿಗೆ ಇದು ಗೊತ್ತು: ತುದಿ ಗಟ್ಟಿ, ತಲೆ ಗಟ್ಟಿ, ನಡುವೆ ಸೊಂಟ ಸವೆದಿರುತ್ತದೆ.

ಇದಕ್ಕಾಗಿಯೇ ಕಂಬಗಳಿಗೆ ಒತ್ತಡದಲ್ಲಿ ಔಷಧಿ ತುಂಬಿಸುತ್ತಾರೆ. ಬಹುಕಾಲ ಚಾಲ್ತಿಯಲ್ಲಿದ್ದದ್ದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಸಿಸಿಎ. ಆರ್ಸೆನಿಕ್ ವಿಷವೆಂದು 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಇದರ ಬಳಕೆ ನಿಂತಿತು. ಕೃಷಿ ಕಟ್ಟಡದ ಕಂಬಗಳಿಗೆ ಈಗಲೂ ಅವಕಾಶವಿದೆ. ಹೊಸ ಔಷಧಿಗಳಲ್ಲಿ ತಾಮ್ರದ ಪಾಲು ಹೆಚ್ಚು, ಅದು ಸಾಧಾರಣ ಮೊಳೆಯನ್ನು ತಿಂದುಹಾಕುತ್ತದೆ. ಹಾಗಾಗಿ ದಪ್ಪ ಸತುವಿನ ಲೇಪದ ಮೊಳೆ, ಸ್ಕ್ರೂಗಳನ್ನೇ ಬಳಸಬೇಕು. ಕಂಬ ಕೊಳ್ಳುವಾಗ ತುದಿಗೆ ಹೊಡೆದಿರುವ ಪುಟ್ಟ ಚೀಟಿ ಓದಿ. ಬರೀ ನೆಲಕ್ಕೆ ತಾಗಬಹುದು ಎಂದಿದ್ದರೆ ಸಾಲದು. ಕಟ್ಟಡದ ಭಾರ ಹೊರುವ, ಹೂಳುವ ಕಂಬಕ್ಕೆ ಯುಸಿ4ಬಿ ದರ್ಜೆ ಬೇಕು. ನೋಡಲು ಎರಡೂ ಒಂದೇ ಥರದ ಹಸಿರು, ಬೆಲೆಯಲ್ಲೂ ಎರಡಕ್ಕೂ ಅಜಗಜಾಂತರವಿಲ್ಲ. ವ್ಯತ್ಯಾಸ ಕಾಣುವುದು ಇಪ್ಪತ್ತು ವರ್ಷದ ಮೇಲೆ. ಇನ್ನೊಂದು ಮಾತು: ಔಷಧಿ ಮರದ ನಟ್ಟನಡುವಿನ ತನಕ ಇಳಿಯುವುದಿಲ್ಲ. ಕಂಬವನ್ನು ಕತ್ತರಿಸಿದರೆ ಕತ್ತರಿಸಿದ ತುದಿಯನ್ನು ಮೇಲೆ ಮಾಡಿ, ಕಾರ್ಖಾನೆಯ ತುದಿಯನ್ನು ಗುಂಡಿಗೆ ಇಳಿಸಬೇಕು.

ಔಷಧಿಗಿಂತ ದೊಡ್ಡ ಮದ್ದು ನೀರನ್ನು ಬುಡಕ್ಕೆ ಬಿಡದಿರುವುದು. ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಮಾಡು ಮುಚ್ಚುವ ಜಾಗ 2,400 ಚದರಡಿ. ಒಂದು ಇಂಚು ಮಳೆ ಬಿದ್ದರೆ ಅದರ ಮೇಲೆ ಬೀಳುವ ನೀರು ಸುಮಾರು 5,600 ಲೀಟರ್. ಅಂದರೆ ಒಂದು ನೀರಿನ ಟ್ಯಾಂಕರಿಗೆ ಸಮ, ಒಂದೇ ಮಳೆಗೆ! ಸೂರಿಗೆ ನೀರುದೋಣಿ ಇಲ್ಲದಿದ್ದರೆ ಇಷ್ಟೂ ನೀರು ಎರಡು ಪಕ್ಕದ ಕಂಬಗಳ ಕಾಲಿಗೇ ಸುರಿಯುತ್ತದೆ. ಖರ್ಚು ಉಳಿಸಲೆಂದು ಬಹಳ ಕಡೆ ಈ ದೋಣಿಯನ್ನೇ ಹಾಕುವುದಿಲ್ಲ. ನಮ್ಮದಕ್ಕೂ ಇರಲಿಲ್ಲ. ಊರಿನಲ್ಲಿ ನಮ್ಮಜ್ಜಿ ಅಡಿಕೆ ಮರದ ದಂಬೆ ಕಟ್ಟಿ ಸೂರಿನ ನೀರನ್ನು ಹಂಡೆಗೆ ಹಿಡಿಯುತ್ತಿದ್ದರು. ಅವರಿಗೆ ಬೇಕಿದ್ದದ್ದು ನೀರು, ನನಗೆ ಬೇಕಾದದ್ದು ಒಣನೆಲ, ಸಾಧನ ಮಾತ್ರ ಅದೇ. ದೋಣಿ ಕಟ್ಟಿ, ನೀರನ್ನು ಕೊಳವೆಯಲ್ಲಿ ದೂರ ಸಾಗಿಸಿ, ಸುತ್ತಲ ಮಣ್ಣನ್ನು ಹೊರಗೆ ಇಳಿಜಾರಾಗುವಂತೆ ಎಳೆದೆವು. ಮೊದಲ ಹತ್ತು ಅಡಿಯಲ್ಲಿ ಆರು ಇಂಚಾದರೂ ಇಳಿಯಬೇಕು. ಬಣ್ಣ ಹೊಡೆಸುವ ಆಸೆ ಎಲ್ಲರಿಗೂ ಮೊದಲು ಬರುತ್ತದೆ. ನನ್ನ ಕೇಳಿದರೆ ಮೊದಲ ಡಾಲರು ಸೂರಿಗೆ, ಎರಡನೆಯದು ಮಣ್ಣಿಗೆ. ಬಣ್ಣ ಆಮೇಲೆ ನೋಡಿಕೊಳ್ಳೋಣ.

ಹಳೆಯ ಕೊಟ್ಟಿಗೆಯಿರುವ ಜಾಗ ಕೊಳ್ಳುವವರು ಒಂದು ಸ್ಕ್ರೂಡ್ರೈವರ್ ಮತ್ತು ಸಣ್ಣ ಗುದ್ದಲಿ ತೆಗೆದುಕೊಂಡು ಹೋಗಿ. ಪ್ರತಿ ಕಂಬದ ಬುಡದಲ್ಲಿ ಅರ್ಧ ಅಡಿ ಮಣ್ಣು ಸರಿಸಿ, ಸ್ಕ್ರೂಡ್ರೈವರ್ ಮೊನೆಯಿಂದ ಬಲವಾಗಿ ಚುಚ್ಚಿ. ಗಟ್ಟಿ ಮರವಾದರೆ ಮೊನೆ ಕಾಲು ಇಂಚೂ ಇಳಿಯದೆ ನಿಲ್ಲುತ್ತದೆ. ಕೊಳೆತಿದ್ದರೆ ಹಲಸಿನ ಹಣ್ಣಿಗೆ ಚುಚ್ಚಿದ ಹಾಗೆ ಇಳಿದುಬಿಡುತ್ತದೆ. ನಮ್ಮಲ್ಲಿ ಸೂರಿನ ನೀರು ಬೀಳುವ ಪಕ್ಕದಲ್ಲೇ ಎರಡು ಕಂಬ ಹೀಗೆ ಸೊಂಟ ಬಿಟ್ಟಿದ್ದವು. ಪಕ್ಕದ ಜಮೀನಿನ ಹಿರಿಯರೊಬ್ಬರು, ಎಂಬತ್ತು ದಾಟಿದ ರೈತ, ಬಂದು ನೋಡಿ, ಈ ಎರಡು ಕಂಬ ನಿಮ್ಮ ಕೊಟ್ಟಿಗೆಯನ್ನು ಹೊತ್ತಿಲ್ಲ, ಕೊಟ್ಟಿಗೆಯೇ ಇವನ್ನು ಎತ್ತಿಕೊಂಡಿದೆ ಎಂದರು.

ದುರಸ್ತಿ ಇದೆ. ಟ್ರಸ್ಸಿಗೆ ತಾತ್ಕಾಲಿಕ ಆಸರೆ ಕೊಟ್ಟು, ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವ ತನಕ ಕತ್ತರಿಸಿ, ಕೆಳಗೆ ಕಾಂಕ್ರೀಟ್ ಕಂಬ ಎರೆದು, ದಪ್ಪ ಉಕ್ಕಿನ ಹಿಡಿಕೆಯಿಂದ ಎರಡನ್ನೂ ಬೆಸೆಯುತ್ತಾರೆ. ಒಂದು ಕಂಬ ಮುಗಿದ ಮೇಲೇ ಇನ್ನೊಂದು. ಒಟ್ಟಿಗೆ ನಾಲ್ಕಕ್ಕೆ ಕೈಹಾಕಿದರೆ ಅಪಾಯ. ಇದರಲ್ಲಿ ಒಂದು ಸೂಕ್ಷ್ಮವಿದೆ, ಬಹಳ ಕೆಲಸಗಾರರು ಹೇಳುವುದಿಲ್ಲ. ಹೂತ ಕಂಬ ಗಾಳಿಗೆ ಸೆಟೆದು ನಿಲ್ಲುತ್ತದೆ. ಕತ್ತರಿಸಿ ಹಿಡಿಕೆಗೆ ಕೂರಿಸಿದ ಕಂಬ ಆ ಬೆಸುಗೆಯಲ್ಲಿ ಬಾಗಿಲಿನ ಕೀಲಿನ ಹಾಗೆ ಆಡಬಲ್ಲದು. ಭಾರ ಹೊರುತ್ತದೆ, ಆದರೆ ಪಕ್ಕದ ತಳ್ಳುವಿಕೆಯನ್ನು ಮೊದಲಿನಷ್ಟು ತಡೆಯದು. ಒಂದೆರಡಾದರೆ ಉಳಿದ ಕಂಬಗಳೂ ತಗಡಿನ ಹೊದಿಕೆಯೂ ಸೇರಿ ನಿಭಾಯಿಸುತ್ತವೆ. ಒಂದು ಸಾಲೇ ಹೋಗಿದ್ದರೆ ಎಂಜಿನಿಯರನ್ನು ಕರೆಯದೆ ಮುಟ್ಟಬೇಡಿ. ಗುಂಡಿ ತೋಡುವ ಮುಂಚೆ, ಅದಕ್ಕೆಂದೇ ಇರುವ ಸಹಾಯವಾಣಿ 811ಕ್ಕೆ ಫೋನ್ ಮಾಡುವುದನ್ನೂ ಮರೆಯಬೇಡಿ. ಅವರ ಮೂಲಕ ನೆಲದಡಿಯ ಗ್ಯಾಸ್, ಕರೆಂಟ್ ಲೈನುಗಳಿಗೆ ಗುರುತು ಹಾಕಿಸಬಹುದು, ಅದಕ್ಕೆ ದುಡ್ಡಿಲ್ಲ.

ಇನ್ನು ಚಳಿಗಾಲ. ಇಲ್ಲಿ ನೆಲವೇ ಹೆಪ್ಪುಗಟ್ಟುತ್ತದೆ: ಒಹಾಯೋದಲ್ಲಿ ಲೆಕ್ಕಕ್ಕೆ ಹಿಡಿಯುವುದು ಸುಮಾರು ಮೂರು ಅಡಿ, ಮಿನ್ನೆಸೋಟದ ಉತ್ತರಕ್ಕೆ ಐದು ಅಡಿ. ನೀರು ಮಂಜುಗಡ್ಡೆಯಾದಾಗ ಶೇಕಡಾ 9ರಷ್ಟು ಉಬ್ಬುತ್ತದೆ. ಸಾಲದ್ದಕ್ಕೆ ಹೆಪ್ಪುಗಟ್ಟುವ ಮಣ್ಣು ಕೆಳಗಿನಿಂದ ಇನ್ನಷ್ಟು ನೀರನ್ನು ಹೀರಿ ಪದರ ಪದರವಾಗಿ ಗಡ್ಡೆ ಕಟ್ಟುತ್ತದೆ. ಕಂಬದ ತಳ ಈ ಆಳಕ್ಕಿಂತ ಮೇಲಿದ್ದರೆ ವರ್ಷವರ್ಷವೂ ಒಂದಿಷ್ಟು ಮೇಲೆದ್ದು, ವಸಂತದಲ್ಲಿ ಪೂರ್ತಿ ಇಳಿಯದೆ ಅಲ್ಲೇ ಉಳಿಯುತ್ತದೆ. ಮೊದಲು ಸುಳಿವು ಕೊಡುವುದು ಜಾರುಬಾಗಿಲು. ನಿನ್ನೆ ಒಂದು ಬೆರಳಲ್ಲಿ ಸರಿಯುತ್ತಿದ್ದದ್ದು ಇವತ್ತು ಭುಜ ಕೊಟ್ಟರೂ ಅಲುಗದು. ಜನ ಚಕ್ರಕ್ಕೆ ಗ್ರೀಸ್ ಹಾಕಿ ಬಾಗಿಲನ್ನು ಬೈಯುತ್ತಾರೆ. ಕಂಬಕ್ಕೆ ಬಾಯಿಲ್ಲ, ಅದರ ಪರವಾಗಿ ಬಾಗಿಲು ಕಿರುಚುತ್ತಿದೆ. ಬಾಗಿಲಿನ ಎರಡೂ ಕಡೆಯ ಕಂಬಗಳಿಗೆ ಮಟ್ಟಗೋಲು ಹಿಡಿದು ನೋಡಿ. ಇಲ್ಲೂ ಮದ್ದು ಅದೇ: ನೆಲ ಒಣಗಿದ್ದರೆ ಉಬ್ಬಲು ನೀರೇ ಇರುವುದಿಲ್ಲ.

ಮೇಲಿನಿಂದ ಬರುವ ನೀರಿಗೆ ದಾರಿ ಸ್ಕ್ರೂಗಳ ತೂತು. ನಮ್ಮ ಅಳತೆಯ ಮಾಡಿನಲ್ಲಿ ಎರಡು ಸಾವಿರದ ಆಸುಪಾಸು ಸ್ಕ್ರೂಗಳಿವೆ, ಒಂದೊಂದರ ತಲೆಯಡಿಯಲ್ಲೂ ರಬ್ಬರ್ ವಾಷರ್. 21 ಅಡಿ ಉದ್ದದ ತಗಡು ಬೇಸಿಗೆಯ ಮಧ್ಯಾಹ್ನಕ್ಕೂ ಜನವರಿಯ ರಾತ್ರಿಗೂ ನಡುವೆ 80 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಕಂಡರೆ ಸುಮಾರು 6 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ದಿನಾ ಈ ಎಳೆದಾಟದಲ್ಲಿ ಸ್ಕ್ರೂ ಸಡಿಲವಾಗುತ್ತದೆ, ಬಿಸಿಲಿಗೆ ವಾಷರ್ ಸೀಳುತ್ತದೆ. ಹದಿನೈದಿಪ್ಪತ್ತು ವರ್ಷಕ್ಕೆ ಬದಲಿಸುವುದು ಅನಿವಾರ್ಯ. ಹಳೆಯದನ್ನೇ ತಿರುಗಿಸಿ ಬಿಗಿಮಾಡಿದರೆ ಹರಿದ ವಾಷರ್ ಹರಿದೇ ಇರುತ್ತದೆ. ಕಿತ್ತು, ಅದಕ್ಕಿಂತ ತುಸು ದಪ್ಪ, ತುಸು ಉದ್ದದ ಹೊಸದನ್ನು ಅದೇ ತೂತಿಗೆ ಹಾಕಬೇಕು. ವಾಷರ್ ಸ್ಕ್ರೂ ತಲೆಯ ಅಂಚಿಗೆ ಬರುವಷ್ಟು ಒತ್ತಿದರೆ ಸಾಕು, ಅಪ್ಪಚ್ಚಿಯಾಗುವಷ್ಟು ಬೇಡ. ಬೆಳಕಿಗೆಂದು ಹಾಕಿರುವ ಫೈಬರ್ ಗಾಜಿನ ಹಾಳೆ ವಯಸ್ಸಾದ ಮೇಲೆ ಹಪ್ಪಳದಷ್ಟೇ ಗಟ್ಟಿ. ಅದರ ಮೇಲೆ ಕಾಲಿಡಲೇಬೇಡಿ. ಹಾಗೆ ಬಿದ್ದು ಜೀವ ಕಳೆದುಕೊಂಡವರಿದ್ದಾರೆ.

ಆದರೆ ಎಷ್ಟೋ ಸಲ ಮಾಡು ಸೋರುತ್ತಿಲ್ಲದೆಯೂ ಒಳಗೆ ಮಳೆ ಬರುತ್ತದೆ. ಹೊರಗೆ ನಕ್ಷತ್ರ ಹೊಳೆಯುತ್ತಿರುತ್ತವೆ, ಒಳಗೆ ಟ್ರ್ಯಾಕ್ಟರ್ ಸೀಟಿನ ಮೇಲೆ ಟಪಟಪ ಹನಿ. ಮಳೆ ಬಿಟ್ಟರೂ ಮರದ ಹನಿ ಬಿಡದು ಅನ್ನುವುದು ಗಾದೆ. ಇದು ಮಳೆಯೇ ಇಲ್ಲದ ಹನಿ. ಜಲ್ಲಿ ನೆಲದಿಂದ ಏಳುವ ತೇವ, ದನಗಳ ಉಸಿರು, ಹಸಿ ಹುಲ್ಲಿನ ಆವಿ ಎಲ್ಲ ಮೇಲೇರಿ ತಣ್ಣನೆಯ ತಗಡಿಗೆ ತಾಗಿ ನೀರಾಗುತ್ತದೆ. ಅನ್ನದ ಪಾತ್ರೆಯ ಮುಚ್ಚಳ ಎತ್ತಿದಾಗ ಕಾಣುವುದೂ ಇದೇ. ಸೂರಿನ ಕೆಳಗೆ ಗಾಳಿ ಒಳಬರಲು ಕಿಂಡಿ, ಮಾಡಿನ ನೆತ್ತಿಯಲ್ಲಿ ಹೊರಹೋಗಲು ಕಿಂಡಿ, ಎರಡೂ ಇದ್ದರೆ ಅರ್ಧ ತೊಂದರೆ ತೀರಿತು. ನೆಲಕ್ಕೆ ಕಾಂಕ್ರೀಟ್ ಹಾಕಿಸುವವರು ಅದರಡಿ ಪ್ಲಾಸ್ಟಿಕ್ ಹಾಳೆ ಹಾಸಿಸಿ. ಹೊಸ ಮಾಡಾದರೆ ಕೆಳಮೈಗೆ ಬಟ್ಟೆಯಂಥ ಪದರ ಅಂಟಿಸಿದ ತಗಡೇ ಸಿಗುತ್ತದೆ. ರಾತ್ರಿಯ ನೀರನ್ನು ಹೀರಿಟ್ಟುಕೊಂಡು ಹಗಲಿಗೆ ಆರಿಸುತ್ತದೆ. ತೇವ ಎಲ್ಲಿಲ್ಲ ಎಂದು ತಿಳಿಯಲು ಪಕ್ಕದ ಜಮೀನಿನ ಆ ಹಿರಿಯರು ಕಲಿಸಿದ ಉಪಾಯ ಸುಲಭದ್ದು: ಕೊಟ್ಟಿಗೆಯ ಬೆಕ್ಕು ಎಲ್ಲಿ ಮಲಗುತ್ತದೆ ನೋಡು, ಕಾಳಿನ ಚೀಲ ಅಲ್ಲಿಡು. ಬೆಕ್ಕು ಒಪ್ಪುವುದಿಲ್ಲ, ಜಗಳವಾಡಿ ಜಾಗ ಗಿಟ್ಟಿಸಬೇಕು.

ದನ ಕಟ್ಟುವವರಿಗೆ ಇನ್ನೊಂದು ಎಚ್ಚರಿಕೆ. ಗೊಬ್ಬರದ ಗುಡ್ಡೆಯನ್ನು ತಗಡಿಗೆ ಒತ್ತಿ ಬಿಡಬೇಡಿ, ಸತುವಿನ ಲೇಪ ಬೇಗ ಹೋಗಿ ತಗಡು ಬುಡದಿಂದ ಜರಡಿಯಾಗುತ್ತದೆ. ಗಂಜಲದಿಂದೇಳುವ ಅಮೋನಿಯಾ ಮೇಲೇರಿ ಟ್ರಸ್ಸಿನ ಮರಗಳನ್ನು ಜೋಡಿಸಿರುವ ಲೋಹದ ಹಲ್ಲುಪಟ್ಟಿಗಳನ್ನೂ ತಿನ್ನುತ್ತದೆ. ಹಂದಿ ಸಾಕುವ ಕೊಟ್ಟಿಗೆಗಳಲ್ಲಿ ಇದು ಹೆಚ್ಚು. ಟ್ರಸ್ಸಿನ ವಿಷಯ ಬಂತಲ್ಲ: ಅದರ ಲೆಕ್ಕ ಹಾಕಿರುವುದು ಮಾಡು, ಹಿಮ, ಗಾಳಿಗೆ. ಕೆಳಪಟ್ಟಿಗೆ ಸರಪಳಿ ಹಾಕಿ ಎಂಜಿನ್ ಎತ್ತುವುದು, ಹಲಗೆ ಹಾಸಿ ಅಟ್ಟ ಮಾಡುವುದು ಬೇಡ. ಯಂತ್ರದ ತಲೆ ತಾಗುತ್ತದೆಂದು ಟ್ರಸ್ಸಿನ ಒಂದು ಕಾಲು ಕೊಯ್ದರೆ ಮುಂದಿನ ದೊಡ್ಡ ಹಿಮಕ್ಕೆ ಮಾಡು ಕೆಳಗೆ ಬಂದು ಕೂರಬಹುದು.

ಅಟ್ಟ ಮಾಡುವ ಆಸೆ ಬರುವುದಂತೂ ಖಂಡಿತ. ಖಾಲಿ ಜಾಗ ಕಂಡರೆ ಸಾಮಾನಿಗೆ ಕಾಲು ಬರುತ್ತದೆ. ಬೇಕಾದ ಅಳತೆಯನ್ನು ಲೆಕ್ಕ ಹಾಕಿ ಎರಡರಿಂದ ಗುಣಿಸು, ಕಟ್ಟಿದ ಮೇಲೆ ನೆಂಟರಿಗೆ ತೋರಿಸಬೇಡ ಎನ್ನುವುದು ಈ ಕಡೆಯ ಹಿತವಚನ. ತೋರಿಸಿದರೆ ಅಕ್ಟೋಬರಿನಲ್ಲಿ ಒಬ್ಬರ ಬೋಟು, ನವೆಂಬರಿನಲ್ಲಿ ಇನ್ನೊಬ್ಬರ ಸೋಫಾ. ಬೋಟು ವಸಂತಕ್ಕೆ ಹೊರಡುತ್ತದೆ. ಸೋಫಾ ಹೊರಡುವುದಿಲ್ಲ, ಅದರಲ್ಲಿ ಇಲಿ ಸಂಸಾರ ಹೂಡಿರುತ್ತದೆ.

ಕರೆಯದೆ ಬರುವ ನೆಂಟ ಗ್ರೌಂಡ್‌ಹಾಗ್. ಮೊಲಕ್ಕಿಂತ ದಪ್ಪ, ಅಳಿಲಿನ ಬಳಗದ ಪ್ರಾಣಿ. ಪ್ರತಿ ಫೆಬ್ರವರಿ 2ರಂದು ಪೆನ್ಸಿಲ್ವೇನಿಯಾದ ಪಂಕ್ಸಟಾನಿಯಲ್ಲಿ ಒಂದನ್ನು ಬಿಲದಿಂದ ಹೊರತಂದು, ಅದಕ್ಕೆ ತನ್ನ ನೆರಳು ಕಂಡಿತೇ ಎಂದು ನೋಡಿ ಚಳಿ ಇನ್ನೆಷ್ಟು ದಿನ ಎಂದು ಶಾಸ್ತ್ರ ಕೇಳುತ್ತಾರೆ. ಕೊಟ್ಟಿಗೆ ಉಳ್ಳವರು ಅದನ್ನು ಕೇಳುವುದು ಒಂದೇ: ಯಾವಾಗ ಹೊರಡುತ್ತೀ? ಅಡಿಹಲಗೆಯ ಕೆಳಗೆ ಬಿಲ ತೋಡಿ, ಕಂಬದ ಪಕ್ಕದ ಕುಟ್ಟಿದ ಮಣ್ಣನ್ನೆಲ್ಲ ಹೊರಗೆ ರಾಶಿ ಹಾಕುತ್ತದೆ. ಆ ಬಿಲವೇ ಮಳೆನೀರಿಗೆ ಕಾಲುವೆ. ಬಿಲ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು ಜಲ್ಲಿ ತುಂಬಿ ಕುಟ್ಟಿ, ಗಟ್ಟಿ ತಂತಿಬಲೆಯನ್ನು ಅಡಿಹಲಗೆಗೆ ಹೊಡೆದು, ಒಂದಡಿ ಕೆಳಗಿಳಿಸಿ, ಹೊರಕ್ಕೆ ಮಡಚಿ ಹೂಳಬೇಕು. ಬುಡದಲ್ಲಿ ತೋಡಲು ಬಂದದ್ದಕ್ಕೆ ಬಲೆ ಸಿಕ್ಕಿದರೆ ಬೇರೆ ಮನೆ ನೋಡಿಕೊಳ್ಳುತ್ತದೆ, ಹೆಚ್ಚಾಗಿ ಪಕ್ಕದವರದ್ದು.

ಗಾಳಿಯ ವಿಷಯಕ್ಕೆ ಬಂದರೆ, 2020ರ ಆಗಸ್ಟ್ 10ರಂದು ಅಯೋವಾವನ್ನು ಹಾದುಹೋದ ಡೆರೇಚೊ ಎಂಬ, ನೂರಾರು ಮೈಲಿ ನೇರವಾಗಿ ನುಗ್ಗುವ ಬಗೆಯ ಬಿರುಗಾಳಿಯಲ್ಲಿ ಸೀಡರ್ ರ‍್ಯಾಪಿಡ್ಸ್ ಸುತ್ತ ಗಾಳಿಯ ವೇಗ ಗಂಟೆಗೆ 140 ಮೈಲಿ, ಅಂದರೆ 225 ಕಿಲೋಮೀಟರ್ ಮುಟ್ಟಿತ್ತೆಂದು ಅಂದಾಜಿಸಿದರು. ಧಾನ್ಯದ ಕಣಜಗಳು, ಕೊಟ್ಟಿಗೆಗಳು ಲೆಕ್ಕವಿಲ್ಲದಷ್ಟು ನೆಲ ಕಚ್ಚಿದವು. ಅಂಥ ಗಾಳಿಗೆ ಯಾರೂ ಹೊಣೆಯಲ್ಲ. ಆದರೆ ಅದಕ್ಕಿಂತ ಎಷ್ಟೋ ಸಣ್ಣ ಗಾಳಿಗೂ ಕೊಟ್ಟಿಗೆ ಹಾರುವುದುಂಟು, ಕಾರಣ ತೆರೆದಿಟ್ಟ ದೊಡ್ಡ ಬಾಗಿಲು. ಮಾಡಿನ ಮೇಲೆ ಹರಿಯುವ ಗಾಳಿ ತಗಡನ್ನು ಮೇಲಕ್ಕೆ ಹೀರುತ್ತಿರುತ್ತದೆ. ಬಾಗಿಲಿನಿಂದ ನುಗ್ಗಿದ ಗಾಳಿ ಹೊರದಾರಿ ಕಾಣದೆ ಒಳಗಿನಿಂದಲೂ ಮೇಲಕ್ಕೆ ತಳ್ಳುತ್ತದೆ. ಕೊಡೆ ಮಗುಚುವುದು ಹೀಗೆಯೇ. ಬಿರುಗಾಳಿಯ ಮುನ್ಸೂಚನೆ ಬಂದರೆ ಎಲ್ಲ ಬಾಗಿಲು ಮುಚ್ಚಿ, ಕೆಳಗಿನ ಅಗುಳಿಯನ್ನೂ ಹಾಕಿ. ಮುಚ್ಚಿದ ಬಾಗಿಲು ಕೆಳಗೆ ಅಲ್ಲಾಡುತ್ತಿದ್ದರೆ ಅದು ಮುಚ್ಚಿದ ಬಾಗಿಲಲ್ಲ.

ಏಪ್ರಿಲ್ ಕೊನೆಯಿಂದ ಆಗಸ್ಟಿನವರೆಗೆ ಮಾತ್ರ ನಮ್ಮ ಬಾಗಿಲನ್ನು ಪೂರ್ತಿ ಮುಚ್ಚುವಂತಿಲ್ಲ. ಬಾರ್ನ್ ಸ್ವಾಲೋ ಎಂಬ ಕವಲುಬಾಲದ ನೀಲಿ ಹಕ್ಕಿಗಳು ದಕ್ಷಿಣ ಅಮೆರಿಕದಿಂದ ಬಂದು ಟ್ರಸ್ಸಿನ ಸಂದಿಯಲ್ಲಿ ಮಣ್ಣುಂಡೆ ಅಂಟಿಸಿ ಗೂಡು ಕಟ್ಟುತ್ತವೆ. ಇದೇ ಜಾತಿಯ ಹಕ್ಕಿಗಳು ಏಷ್ಯಾದ ಉತ್ತರದಿಂದ ಹೊರಟು ಚಳಿಗಾಲಕ್ಕೆ ಕರ್ನಾಟಕಕ್ಕೂ ಬರುತ್ತವೆ. ಗದ್ದೆ ಬಯಲಿನ ಕರೆಂಟ್ ತಂತಿಯ ಮೇಲೆ ಸಾಲಾಗಿ ಕೂತದ್ದನ್ನು ನೋಡಿರುತ್ತೀರಿ. 1918ರ ವಲಸೆ ಹಕ್ಕಿ ಕಾಯ್ದೆಯ ಪ್ರಕಾರ ಮೊಟ್ಟೆಯೋ ಮರಿಯೋ ಇರುವ ಗೂಡನ್ನು ಅನುಮತಿಯಿಲ್ಲದೆ ತೆಗೆಯುವಂತಿಲ್ಲ. ಟ್ರ್ಯಾಕ್ಟರಿನ ಮೇಲೆ ಹಳೆಯ ಚಾದರ ಹೊದಿಸಿಬಿಟ್ಟರೆ ಹಿಕ್ಕೆಯ ಚಿಂತೆಯೂ ಇಲ್ಲ, ಸೊಳ್ಳೆ ನೊಣ ಹಿಡಿಯುವ ಕೆಲಸ ಅವು ಸಂಬಳವಿಲ್ಲದೆ ಮಾಡುತ್ತವೆ. ಅವುಗಳಿಗಾಗಿ ಬಾಗಿಲನ್ನು ಒಂದು ಗೇಣು ಸರಿಸಿ ಇಡುತ್ತೇವೆ. ಸಂಜೆ ಪಶ್ಚಿಮದಲ್ಲಿ ಮೋಡ ಕಪ್ಪಾದರೆ ಓಡಿ ಹೋಗಿ ಆ ಗೇಣನ್ನೂ ಮುಚ್ಚಿ ಅಗುಳಿ ಹಾಕುವುದು ಮಗಳ ಕೆಲಸ. ಗಾಳಿ ಇಳಿದ ಕೂಡಲೇ ಮೊದಲು ತೆರೆಯುವುದೂ ಅವಳೇ, ತಾಯಿಹಕ್ಕಿ ಹೊರಗೆ ಉಳಿದಿದ್ದರೆ ಮರಿಗಳು ಹಸಿದಿರುತ್ತವೆ.